ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವ ಮುಂಚೆ ಮಣ್ಣು ಒಣಗಿಸಿಟ್ಟುಕೊಳ್ಳಿ

"ಸಬ್ಸಿಡಿ ಏನೈತೆ ಸಾರ್?" ಕೃಷಿ ವಿಜ್ಞಾನ ಕೇಂದ್ರದ, ಅಂದರೆ ಕೆವಿಕೆಯ ಬಾಗಿಲಲ್ಲಿ ಈ ಪ್ರಶ್ನೆ ಕೇಳಿದವರು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಗುತ್ತಾರೆ. ರಿಯಾಯಿತಿ ದರದ ಬೀಜ, ಟಾರ್ಪಾಲು, ತುಂತುರು ನೀರಾವರಿ ಪೈಪು ಇವೆಲ್ಲ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದ ಬಾಬತ್ತು. ಅಲ್ಲಿಗೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಮಾಡಿಸಿದ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ ಬೇಕು, ಪರಿಶಿಷ್ಟ ಜಾತಿ-ಪಂಗಡದವರಾದರೆ ಜಾತಿ ಪ್ರಮಾಣಪತ್ರವೂ ಬೇಕು. ತೋಟದ ಬೆಳೆಯ ಯೋಜನೆಗಳಿಗೆ ತೋಟಗಾರಿಕೆ ಇಲಾಖೆ, ದನ-ಕುರಿಗೆ ಪಶುಪಾಲನಾ ಇಲಾಖೆ. ಕೆವಿಕೆ ಇಲಾಖೆಯಲ್ಲ. ಹಣ ಹಂಚುವುದು ಅದರ ಕೆಲಸವಲ್ಲ. ಅದು ಕಲಿಸುವ ಜಾಗ. ಕಲಿಯಲು ಹೋದರೆ ಜಿಲ್ಲೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಸರಿಯಾದ ಸಲಹೆ ಸಿಗುವ ಇನ್ನೊಂದು ಬಾಗಿಲಿಲ್ಲ.

ಇನ್ನೊಂದು ಗೊಂದಲ ಹೆಸರಿನದು. ಬೆಂಗಳೂರಿನ ಜಿಕೆವಿಕೆ ಎಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣ. ಬೆಂಗಳೂರು ಗ್ರಾಮಾಂತರದ ಕೆವಿಕೆ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ. ಮೊದಲ ಸಲ ಹೋಗುವವರು ಬಸ್ ಹತ್ತುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಲಿ.

ದೇಶದ ಮೊದಲ ಕೆವಿಕೆ ಶುರುವಾದದ್ದು 1974ರಲ್ಲಿ, ಪುದುಚೇರಿಯಲ್ಲಿ. ಕರ್ನಾಟಕದಲ್ಲಿ ಈಗ 33 ಇವೆ. ಹಣ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು, ನಡೆಸುವವರು ಬೇರೆ ಬೇರೆ. ಹೆಚ್ಚಿನವು ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ವಿಶ್ವವಿದ್ಯಾಲಯಗಳ ಕೈಯಲ್ಲಿವೆ. ತುಮಕೂರಿನ ಹಿರೇಹಳ್ಳಿ ಮತ್ತು ಕೊಡಗಿನ ಗೋಣಿಕೊಪ್ಪಲಿನವು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಸುತ್ತೂರಿನದು ಜೆಎಸ್‌ಎಸ್, ದಾವಣಗೆರೆಯದು ತರಳಬಾಳು, ಹುಲಕೋಟಿಯದು ಅಲ್ಲಿನ ಕೃಷಿ ಪ್ರತಿಷ್ಠಾನದ್ದು. ಇದು ಬರೀ ಬೋರ್ಡಿನ ವಿಷಯವಲ್ಲ. ಯಾರ ಕೈಯಲ್ಲಿದೆ ಎಂಬುದರ ಮೇಲೆ ಏನು ಸಿಗುತ್ತದೆ ಎಂಬುದು ನಿಂತಿದೆ. ತೋಟಗಾರಿಕಾ ಸಂಸ್ಥೆಯ ಕೇಂದ್ರದಲ್ಲಿ 'ಅರ್ಕಾ' ಹೆಸರಿನ ತರಕಾರಿ ತಳಿ, ಲಘು ಪೋಷಕಾಂಶದ ಮಿಶ್ರಣ ಕೈಗೆ ಬೇಗ ಸಿಗುತ್ತವೆ. ಕಲಬುರಗಿಯಲ್ಲಿ ತೊಗರಿಯ ಬಗ್ಗೆ ಕೇಳಿದಷ್ಟೂ ಹೇಳುತ್ತಾರೆ. ಬ್ರಹ್ಮಾವರದಲ್ಲಿ ಕರಾವಳಿ ಭತ್ತ. ನಿಮ್ಮ ಬೆಳೆ ಪಕ್ಕದ ಜಿಲ್ಲೆಯ ಮುಖ್ಯ ಬೆಳೆಯಾಗಿದ್ದರೆ ಅಲ್ಲಿಗೇ ಫೋನ್ ಮಾಡಿ ಕೇಳುವುದರಲ್ಲಿ ತಪ್ಪೇನಿಲ್ಲ.

ಒಂದು ಕೇಂದ್ರಕ್ಕೆ ಮಂಜೂರಾದ ಹುದ್ದೆ 16. ಅದರಲ್ಲಿ ಮುಖ್ಯಸ್ಥರು ಒಬ್ಬರು, ವಿಷಯ ತಜ್ಞರು ಆರು ಜನ. ಉಳಿದವರು ಫಾರ್ಮ್ ಮ್ಯಾನೇಜರ್, ಲ್ಯಾಬಿನವರು, ಕಚೇರಿಯವರು, ಚಾಲಕರು. ಆರು ಜನ ತಜ್ಞರು ಇಡೀ ಜಿಲ್ಲೆಗೆ! ಎಲ್ಲ ವಿಷಯದ ತಜ್ಞರೂ ಎಲ್ಲ ಕಡೆ ಇರುವುದಿಲ್ಲ. ಒಂದು ಕಡೆ ಮಣ್ಣು ವಿಜ್ಞಾನಿ ಇದ್ದರೆ ಪಶು ವಿಜ್ಞಾನಿ ಇರುವುದಿಲ್ಲ, ಇನ್ನೊಂದು ಕಡೆ ಹುದ್ದೆಯೇ ಖಾಲಿ. ಆದ್ದರಿಂದ "ತಜ್ಞರು ನಮ್ಮ ಹೊಲಕ್ಕೆ ಬರಲಿಲ್ಲ" ಎಂಬ ದೂರಿಗೆ ಅರ್ಥವಿದೆ, ಆದರೆ ಬಿಡಿ ಭೇಟಿಯನ್ನು ನೆಚ್ಚಿಕೊಳ್ಳುವುದಕ್ಕೆ ಅರ್ಥವಿಲ್ಲ. ನೀವೇ ಹೋಗಬೇಕು, ಸರಿಯಾದ ವಸ್ತು ಹಿಡಿದುಕೊಂಡು ಹೋಗಬೇಕು. ಈ ಸೇವೆಯ ಗುಣಮಟ್ಟದ ಅರ್ಧಭಾಗ ನಿಮ್ಮ ಕೈಚೀಲದಲ್ಲೇ ಇರುತ್ತದೆ.

ಒಂದೊಂದು ಸೇವೆಯನ್ನೂ ತೂಗಿ ಐದಕ್ಕೆ ಅಂಕ ಕೊಡುತ್ತಾ ಹೋಗೋಣ. ಮಣ್ಣು ಪರೀಕ್ಷೆಯಿಂದ ಶುರು, ಏಕೆಂದರೆ ಕೆವಿಕೆಯಲ್ಲಿ ದುಡ್ಡಿಗೆ ಹೆಚ್ಚು ಬೆಲೆ ಸಿಗುವುದು ಇಲ್ಲೇ, ಕೆಡುವುದೂ ಇಲ್ಲೇ. ಕೆಡುವುದು ಲ್ಯಾಬಿನಲ್ಲಲ್ಲ, ಹೊಲದಲ್ಲಿ. ಎಂಟು ಎಕರೆಯ ಹೊಲದ ಮೂಲೆಯೊಂದರಿಂದ ಒಂದು ಬೊಗಸೆ ಮಣ್ಣು ತಂದು ಕೊಟ್ಟರೆ ವರದಿ ಆ ಬೊಗಸೆಯದ್ದೇ ಹೊರತು ಹೊಲದ್ದಲ್ಲ. ಕೆಂಪು ಮಣ್ಣಿನ ಭಾಗ, ಕಪ್ಪು ಮಣ್ಣಿನ ಭಾಗ, ಇಳಿಜಾರಿನ ಮೇಲು-ಕೆಳಗು, ಬೆಳೆ ಸದಾ ಹಳದಿಯಾಗುವ ಜಾಗ, ಇವಕ್ಕೆ ಬೇರೆ ಬೇರೆ ಮಾದರಿ. ಒಂದೊಂದು ಭಾಗದಲ್ಲೂ ಅಂಕುಡೊಂಕಾಗಿ ನಡೆಯುತ್ತಾ 10ರಿಂದ 12 ಕಡೆ ಗುರುತು ಹಾಕಿಕೊಳ್ಳಿ. ಬದು, ನೀರಿನ ಕಾಲುವೆ, ತಿಪ್ಪೆ ಇದ್ದ ಜಾಗ, ಮರದ ನೆರಳು, ದನ ಕಟ್ಟುವ ಸ್ಥಳ ಬಿಡಿ. ಮೇಲಿನ ಕಸಕಡ್ಡಿ ಸರಿಸಿ ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂ.ಮೀ., ಅಂದರೆ ಸುಮಾರು ಅರ್ಧ ಅಡಿ ಆಳಕ್ಕೆ ಗುಂಡಿ ತೆಗೆದು, ಒಳಗಿನ ಮಣ್ಣು ಹೊರಗೆಸೆದು, ಗುಂಡಿಯ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಅಂಗುಲ ದಪ್ಪದ ಪದರ ಕೆರೆದುಕೊಳ್ಳಬೇಕು. ಎಲ್ಲವನ್ನೂ ಶುಭ್ರ ಬಟ್ಟೆಯ ಮೇಲೆ ಕಲಸಿ, ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ. ಅರ್ಧ ಕೆಜಿ ಉಳಿಯುವವರೆಗೂ ಹೀಗೇ ಮಾಡುವುದು. ಆಮೇಲೆ ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ, ನೀರಾವರಿಯೋ ಖುಷ್ಕಿಯೋ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದು ಚೀಟಿ ಒಳಗಿಡಿ. ಪೆನ್ನಿನ ಶಾಯಿ ತೇವಕ್ಕೆ ಹರಡಿ ಅಳಿಸಿಹೋಗುತ್ತದೆ.

ಯೂರಿಯಾ ಚೀಲದಲ್ಲಿ ಮಣ್ಣು ತರಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು. ಸತು, ಕಬ್ಬಿಣದ ಪರೀಕ್ಷೆಯೂ ಬೇಕಿದ್ದರೆ ತುಕ್ಕು ಹಿಡಿದ ಗುದ್ದಲಿ, ಸತು ಲೇಪಿಸಿದ ತಗಡಿನ ಬಕೆಟ್ಟು ಎರಡೂ ಬೇಡ. ಮರದ ಅಥವಾ ಪ್ಲಾಸ್ಟಿಕ್ಕಿನ ಉಪಕರಣದಿಂದ ಕೊನೆಯ ಪದರ ಕೆರೆದುಕೊಂಡರೆ ಸಾಕು. ಹೊಸದಾಗಿ ಹಣ್ಣಿನ ತೋಟ ಮಾಡುವವರು ಒಂದು ಆಳದ ಮಣ್ಣು ತಂದರೆ ಪ್ರಯೋಜನವಿಲ್ಲ. 30, 60, 90 ಸೆಂ.ಮೀ. ಹೀಗೆ ಮೂರು ಪದರ ಬೇರೆ ಬೇರೆ ಬೇಕು. ಮೇಲೆ ಚೆಂದದ ಮಣ್ಣಿದ್ದು ಎರಡಡಿ ಕೆಳಗೆ ಸುಣ್ಣಕಲ್ಲು ಸಿಕ್ಕರೆ ಮಾವು ಮೂರನೇ ವರ್ಷ ತನ್ನ ಕಥೆ ಹೇಳುತ್ತದೆ.

ಬೋರ್‌ವೆಲ್ ನೀರಿನ ಪರೀಕ್ಷೆಯನ್ನು ಜೊತೆಗೇ ಮಾಡಿಸಿ. ಮೋಟಾರು 15-20 ನಿಮಿಷ ಓಡಿದ ಮೇಲೆ, ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕತ್ತಿನವರೆಗೆ ತುಂಬಿ, ಅದೇ ದಿನ ಕೊಡಬೇಕು. ವರದಿಯಲ್ಲಿ ನೋಡಬೇಕಾದ್ದು ಲವಣಾಂಶ ಮತ್ತು ಉಳಿಕೆ ಸೋಡಿಯಂ ಕಾರ್ಬೋನೇಟ್. ಎರಡನೆಯದು ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಚಿಂತೆಯಿಲ್ಲ, 2.5 ದಾಟಿದರೆ ಆ ನೀರು ಮಣ್ಣನ್ನು ನಿಧಾನವಾಗಿ ಕಲ್ಲು ಮಾಡುತ್ತದೆ. ಜಿಪ್ಸಂ ಬಳಕೆ ಮತ್ತು ಬೆಳೆ ಆಯ್ಕೆ ಬಗ್ಗೆ ಅಲ್ಲೇ ಕೇಳಿಕೊಂಡು ಬನ್ನಿ.

ಮಣ್ಣಿನ ವರದಿಯಲ್ಲಿ, ಮಣ್ಣು ಆರೋಗ್ಯ ಚೀಟಿಯಲ್ಲಿರುವಂತೆ, 12 ಅಂಶ ಬರುತ್ತವೆ: ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕ-ರಂಜಕ-ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಉತ್ತಮ. ಸತು 0.6 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ ಎಂಬ ಲೆಕ್ಕ), ಬೋರಾನ್ 0.5 ಪಿಪಿಎಂ ಕೆಳಗಿಳಿದರೆ ಕೊರತೆ. ಗೊತ್ತಿದ್ದವರೂ ಎಡವುವ ಜಾಗ ರಂಜಕ. ಕೆಲವು ವರದಿ ಬರೀ ರಂಜಕವನ್ನು ಹೇಳುತ್ತವೆ, ಕೆಲವು ಅದರ ಆಕ್ಸೈಡ್ ರೂಪವನ್ನು. 10 ಕೆಜಿ ರಂಜಕ ಎಂದರೆ ಆಕ್ಸೈಡ್ ಲೆಕ್ಕದಲ್ಲಿ ಸುಮಾರು 23 ಕೆಜಿ. ಎರಡು ಲ್ಯಾಬಿನ ವರದಿ ಹಿಡಿದು "ಒಂದರಲ್ಲಿ ಸುಳ್ಳು ಬರೆದಿದ್ದಾರೆ" ಎನ್ನುವ ಮೊದಲು ಮಾಪನದ ಸಾಲು ನೋಡಿ.

ವರದಿ ಕೈಗೆ ಸಿಕ್ಕ ಮೇಲೆ ಅಲ್ಲಿಂದ ಎದ್ದು ಬರಬೇಡಿ. ತಜ್ಞರ ಎದುರು ಕೂತು ಚೀಲದ ಲೆಕ್ಕ ಹಾಕಿಸಿಕೊಳ್ಳಿ. ಉದಾಹರಣೆಗೆ ಖುಷ್ಕಿ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ (ಆಕ್ಸೈಡ್ ಲೆಕ್ಕದಲ್ಲಿ), 15 ಕೆಜಿ ಪೊಟ್ಯಾಷ್ ಶಿಫಾರಸು. ರಂಜಕ ಪೂರ್ತಿ ಡಿಎಪಿ ಗೊಬ್ಬರದಿಂದ ಕೊಟ್ಟರೆ 35 ಕೆಜಿ ಸಾಕು. ಅದರಲ್ಲೇ 6 ಕೆಜಿ ಚಿಲ್ಲರೆ ಸಾರಜನಕ ಬಂತು. ಉಳಿದ ಸಾರಜನಕಕ್ಕೆ ಯೂರಿಯಾ 30 ಕೆಜಿ: ಬಿತ್ತುವಾಗ 8, ತಿಂಗಳಾದ ಮೇಲೆ ಮಳೆ ಬಿದ್ದ ಹದ ನೋಡಿ ಮೇಲುಗೊಬ್ಬರವಾಗಿ 22. ಮ್ಯುರಿಯೇಟ್ ಆಫ್ ಪೊಟ್ಯಾಷ್ 25 ಕೆಜಿ. ಮಣ್ಣಿನಲ್ಲಿ ಪೊಟ್ಯಾಷ್ 'ಅಧಿಕ' ಎಂದು ಬಂದಿದ್ದರೆ ಕಾಲುಭಾಗ ಕಳೆಯುವುದು ರೂಢಿ, ಆಗ 19 ಕೆಜಿ. 'ಕಡಿಮೆ' ಎಂದಿದ್ದರೆ ಕಾಲುಭಾಗ ಸೇರಿಸುವುದು. ಎಕರೆಗೆ ಕಣ್ಣುಮುಚ್ಚಿ ಎರಡು ಚೀಲ ಡಿಎಪಿ ಎರಚುವವರಿಗೆ ಈ ಒಂದು ಲೆಕ್ಕದಿಂದಲೇ ಹೋಗಿಬಂದ ಬಸ್ ಚಾರ್ಜು ಹಲವು ಪಟ್ಟಾಗಿ ವಾಪಸು ಬರುತ್ತದೆ. ಸತುವಿನ ಸಲ್ಫೇಟನ್ನು ಡಿಎಪಿ ಅಥವಾ ಸೂಪರ್ ಫಾಸ್ಫೇಟ್ ಜೊತೆ ಬೆರೆಸಿ ಹಾಕಬಾರದು. ಎರಡೂ ಕೂಡಿ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತವೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಸುಣ್ಣ ಬರೆದುಕೊಟ್ಟರೆ ಬಿತ್ತನೆಗೆ ಎರಡು-ಮೂರು ವಾರ ಮೊದಲೇ ಹಾಕಿ ಮಣ್ಣಿಗೆ ಸೇರಿಸಬೇಕು, ಯೂರಿಯಾ ಜೊತೆಯಲ್ಲಲ್ಲ.

ಈ ವಿಭಾಗಕ್ಕೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ತಡಕ್ಕೆ. ಮೇ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಮಣ್ಣು ತಂದು ಸುರಿದರೆ ವರದಿ ಬರುವ ಹೊತ್ತಿಗೆ ಬಿತ್ತನೆ ಮುಗಿದಿರುತ್ತದೆ. ಹಿಂಗಾರು ಬೆಳೆ ಕೊಯ್ದ ಕೂಡಲೇ, ಫೆಬ್ರವರಿ-ಮಾರ್ಚಿನಲ್ಲಿ ಕೊಟ್ಟುಬಿಡಿ.

ರೋಗ-ಕೀಟ ಗುರುತಿಸುವ ಕೆಲಸಕ್ಕೂ ಅಷ್ಟೇ ಅಂಕ, ಆದರೆ ಷರತ್ತು ಇದೆ. ಒಂದು ಬಾಡಿದ ಎಲೆ ಕಿತ್ತುಕೊಂಡು ಜೇಬಿನಲ್ಲಿಟ್ಟು ಹೋದರೆ ಯಾವ ತಜ್ಞನೂ ಹೇಳಲಾರ. ಬೇರು ಸಮೇತ ಗಿಡ ಬೇಕು, ರೋಗ ಈಗಷ್ಟೇ ಶುರುವಾದದ್ದು ಒಂದು, ನಡುವಿನ ಹಂತದ್ದು ಒಂದು, ಆರೋಗ್ಯದ್ದು ಒಂದು. ಪೂರ್ತಿ ಸತ್ತ ಗಿಡದಲ್ಲಿ ಬರೀ ಕೊಳೆಯುವ ಬೂಸ್ಟು ಸಿಗುತ್ತದೆ, ಕೊಂದವನು ಆಗಲೇ ಕಾಲ್ತೆಗೆದಿರುತ್ತಾನೆ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆಯುವುದರಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬೆಳಿಗ್ಗೆಯೇ ಕಿತ್ತು ತನ್ನಿ. ಕಳೆದ ಮೂರು ವಾರದಲ್ಲಿ ಹೊಡೆದ ಔಷಧಿಗಳ ಖಾಲಿ ಬಾಟಲಿಯ ಫೋಟೋ ಇರಲಿ. "ನೀಲಿ ಮುಚ್ಚಳದ್ದು" ಎಂದರೆ ಯಾರಿಗೂ ಗೊತ್ತಾಗದು. ವಾಟ್ಸಾಪಿನಲ್ಲಿ ಕಳಿಸುವುದಾದರೆ ನಾಲ್ಕು ಚಿತ್ರ: ಇಡೀ ಹೊಲ, ಇಡೀ ಗಿಡ, ಎಲೆಯ ಕೆಳಭಾಗ, ಸೀಳಿದ ಕಾಂಡ ಮತ್ತು ಬೇರು. ಹೊಲದ ಚಿತ್ರ ಬೇಕೇ ಬೇಕು. ಒಂದು ಸಾಲಿನುದ್ದಕ್ಕೆ ಹಳದಿಯಾಗಿದ್ದರೆ ಅದು ಗೊಬ್ಬರ ಅಥವಾ ಹನಿ ಪೈಪಿನ ದೋಷ ಇರಬಹುದು, ಅಲ್ಲಲ್ಲಿ ಗುಂಪಾಗಿದ್ದರೆ ಮಣ್ಣಿನಿಂದ ಬಂದದ್ದು ಇರಬಹುದು. ಒಂದೇ ಎಲೆಯ ಚಿತ್ರ ಇದನ್ನು ಹೇಳುವುದಿಲ್ಲ.

ಟೊಮೆಟೊ ಹಸಿರಾಗಿದ್ದಂತೆಯೇ ಜೋತುಬಿದ್ದರೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ತಾಕುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನೆಳೆಯಂತೆ ಕೆಳಗಿಳಿದರೆ ದುಂಡಾಣು ಸೊರಗು ರೋಗ. ಶಿಲೀಂಧ್ರನಾಶಕಕ್ಕೆ ಸುರಿದ ದುಡ್ಡು ನೀರುಪಾಲು. ಮುಂದಿನ ಬೆಳೆಗೆ ಬದನೆ, ಮೆಣಸಿನಕಾಯಿ ಆ ಜಾಗದಲ್ಲಿ ಬೇಡ, ಅವೂ ಅದೇ ಕುಲ. ಔಷಧಿ ಅಂಗಡಿಯವರಿಗೂ ಇದನ್ನು ಕಲಿಸಬೇಕೆಂದೇ ವಾರಕ್ಕೊಂದು ದಿನದಂತೆ 48 ವಾರದ 'ದೇಸಿ' ಡಿಪ್ಲೊಮಾ ಇದೆ, ಹಲವು ಕೆವಿಕೆಗಳಲ್ಲೂ ನಡೆಯುತ್ತದೆ. ಅಂಗಡಿಗೆ ಹೋದಾಗ ಗೋಡೆಯ ಮೇಲೆ ಆ ಪ್ರಮಾಣಪತ್ರ ಇದೆಯೇ ನೋಡುವ ಅಭ್ಯಾಸ ಒಳ್ಳೆಯದು.

ಬೀಜ, ಸಸಿಗೆ ಮೂರೂವರೆ. ಗುಣಮಟ್ಟದ ಬಗ್ಗೆ ತಕರಾರಿಲ್ಲ, ಪ್ರಮಾಣ ಕಡಿಮೆ ಮತ್ತು ಬೇಗ ಖಾಲಿ. ಚೀಲದ ಚೀಟಿಯ ಬಣ್ಣ ಓದಲು ಬರಬೇಕು: ಹಳದಿ ತಳಿವರ್ಧಕರ ಬೀಜ, ಬಿಳಿ ಮೂಲ ಬೀಜ, ನೀಲಿ ಪ್ರಮಾಣಿತ ಬೀಜ, ಹಸಿರು ಎಂದರೆ ಉತ್ಪಾದಿಸಿದವರೇ ಗುಣಮಟ್ಟಕ್ಕೆ ಹೊಣೆ ಹೊತ್ತ ಬೀಜ. ಕೆವಿಕೆಯಲ್ಲಿ ಹಸಿರು ಚೀಟಿಯದ್ದೂ ಸಿಗುತ್ತದೆ, ಅದೇನು ಕೀಳಲ್ಲ. ಏನೇ ಬಣ್ಣವಿರಲಿ, 100 ಕಾಳು ಎಣಿಸಿ ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ನೋಡಿ. ರಾಗಿ, ತೊಗರಿಗೆ ಕನಿಷ್ಠ 75, ಭತ್ತಕ್ಕೆ 80, ಕಡಲೆಗೆ 85, ಶೇಂಗಾಕ್ಕೆ 70 ಮೊಳೆಯಬೇಕು. ಬೀಜೋಪಚಾರದಲ್ಲಿ ಆಗುವ ದೊಡ್ಡ ತಪ್ಪು ಕ್ರಮದ್ದು. ಮೊದಲು ಶಿಲೀಂಧ್ರನಾಶಕ, ನಂತರ ಕೀಟನಾಶಕ, ಕೊನೆಗೆ ಬಿತ್ತುವ ಹೊತ್ತಿನಲ್ಲಿ ಬೆಲ್ಲದ ಪಾಕದ ಜೊತೆ ರೈಜೋಬಿಯಂ (ಬೇಳೆಕಾಳಿನ ಬೇರಿಗೆ ಸಾರಜನಕ ಒದಗಿಸುವ ಜೀವಾಣು), ನೆರಳಿನಲ್ಲಿ ಒಣಗಿಸಿ ಬಿತ್ತುವುದು. ತಿರುಗುಮುರುಗು ಮಾಡಿದರೆ ಅಥವಾ ಬಿಸಿಲಿಗೆ ಹರವಿದರೆ ದುಡ್ಡು ಕೊಟ್ಟು ತಂದ ಜೀವಾಣು ಹೊಲ ಸೇರುವ ಮುಂಚೆಯೇ ಸಾಯುತ್ತದೆ. ರೈಜೋಬಿಯಂ ಪೊಟ್ಟಣದ ಅವಧಿ ದಿನಾಂಕ ನೋಡದೆ ತರಬೇಡಿ. ಕಾರಿನ ಹಿಂದಿನ ಗಾಜಿನ ಕೆಳಗಿಟ್ಟರೂ ಅದೇ ಗತಿ.

ಕೌಂಟರಿನಲ್ಲಿ ಸಿಗುವ ಇನ್ನೆರಡು ಪದಾರ್ಥ ಹೆಸರಿಸಲೇಬೇಕು. ರಾಯಚೂರು ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್, ತೊಗರಿಯಂಥ ಬೇಳೆಕಾಳಿಗೆ ಹೂವಾಡುವಾಗ ಲೀಟರಿಗೆ 10 ಗ್ರಾಂ, 15 ದಿನ ಬಿಟ್ಟು ಇನ್ನೊಮ್ಮೆ. ಹೂ ಉದುರುವುದು ಕಡಿಮೆಯಾಗುತ್ತದೆ. ಆದರೆ 45-50 ದಿನಕ್ಕೆ ಕುಡಿ ಚಿವುಟದೆ, ಕವಲೊಡೆಯದ ಗಿಡಕ್ಕೆ ಇದನ್ನು ಹೊಡೆದು ಪವಾಡ ಕಾಯುವುದು ಬೇಡ. ಇನ್ನೊಂದು ಅರ್ಕಾ ವೆಜಿಟೇಬಲ್ ಸ್ಪೆಷಲ್. ಟೊಮೆಟೊಗೆ 15 ಲೀಟರ್ ಕ್ಯಾನಿಗೆ 75 ಗ್ರಾಂ, ಜೊತೆಗೆ ಎರಡು ನಿಂಬೆಹಣ್ಣಿನ ರಸ, ಒಂದು ಶ್ಯಾಂಪೂ ಸ್ಯಾಷೆ. ನಿಂಬೆ, ಶ್ಯಾಂಪೂ ತಮಾಷೆಗಲ್ಲ. ಗಡಸು ನೀರಿನ ರಸಸಾರ ಇಳಿಸಲು ಒಂದು, ಎಲೆಗೆ ಅಂಟಲು ಇನ್ನೊಂದು. ಹುರುಳಿಕಾಯಿಗೆ ಇದೇ ಪ್ರಮಾಣ ಹೊಡೆದರೆ ಎಲೆ ಸುಡುತ್ತದೆ, ಅದಕ್ಕೆ ಕಡಿಮೆ ಸಾಕು. ಪೊಟ್ಟಣದ ಹಿಂಬದಿ ಓದಿ.

ಪ್ರಾತ್ಯಕ್ಷಿಕೆಗೆ ಸೇರುವ ಆಸೆ ಇರುವವರಿಗೆ ಎರಡು ಮಾತು. ಮುಂಚೂಣಿ ಪ್ರಾತ್ಯಕ್ಷಿಕೆ ಎಂದರೆ ಈಗಾಗಲೇ ಸಾಬೀತಾದ ತಳಿ ಅಥವಾ ಪದ್ಧತಿಯನ್ನು ನಿಮ್ಮ ಹೊಲದ ಒಂದೆಕರೆಯಷ್ಟು ತಾಕಿನಲ್ಲಿ ತೋರಿಸುವುದು. ಆ ತಂತ್ರಕ್ಕೆ ಬೇಕಾದ ಬೀಜ, ಪೋಷಕಾಂಶ ಅವರದು, ಉಳುಮೆ, ಕೂಲಿ, ನೀರು ನಿಮ್ಮದು. ಕ್ಷೇತ್ರ ಪ್ರಯೋಗ ಬೇರೆ. ಅಲ್ಲಿ ಎರಡು-ಮೂರು ಬಗೆ ಹೋಲಿಸಿ ಯಾವುದು ಹೊಂದುತ್ತದೆಂದು ನೋಡುತ್ತಾರೆ, ಒಂದು ಬಗೆ ಸೋಲಲೂಬಹುದು. ಈ ವ್ಯತ್ಯಾಸವನ್ನು ಮೊದಲೇ ಕೇಳಿ ತಿಳಿಯದೆ ಆಮೇಲೆ "ಕೆವಿಕೆಯವರು ಕೊಟ್ಟ ತಳಿ ಕೈಕೊಟ್ಟಿತು" ಎಂದು ಊರೆಲ್ಲ ಹೇಳುವುದು ನ್ಯಾಯವಲ್ಲ. ಅತ್ತ ಕಡೆಯ ದೋಷವೂ ಇದೆ: ರಸ್ತೆ ಬದಿಯ, ನೀರಿರುವ, ಮಾತುಗಾರ ರೈತನ ಹೊಲಕ್ಕೇ ಪ್ರಾತ್ಯಕ್ಷಿಕೆ ಮತ್ತೆ ಮತ್ತೆ ಹೋಗುವ ರೂಢಿ. ಕ್ಷೇತ್ರೋತ್ಸವಕ್ಕೆ ಜೀಪು ನಿಲ್ಲಲು ಅದು ಅನುಕೂಲ. ಎರಡು ಮೈಲಿ ಒಳಗಿನ ಖುಷ್ಕಿ ಹೊಲದವನಿಗೆ ಆ ಇಳುವರಿ ಏನನ್ನೂ ಹೇಳುವುದಿಲ್ಲ. ಒಳಗಿನವರು ಗುಂಪಾಗಿ, ಹತ್ತು ಜನ ಸೇರಿ ಕೇಳಿದರೆ ಇಡೀ ಊರಿಗೆ ಒಂದು ಗುಚ್ಛವಾಗಿ ಕೊಡುವುದು ಅವರಿಗೂ ಸುಲಭ.

ಯುವಕರ ತರಬೇತಿಗೆ ಮೂರು ಅಂಕ. ಅಣಬೆ, ಜೇನು, ನರ್ಸರಿ, ಎರೆಗೊಬ್ಬರ, ಕುರಿ-ಕೋಳಿ ಇವು ನಿತ್ಯದ ವಿಷಯ. ಪಾಠ ಚೆನ್ನಾಗಿರುತ್ತದೆ. ಅಣಬೆಯನ್ನೇ ತೆಗೆದುಕೊಳ್ಳಿ. ಎರಡಂಗುಲದಷ್ಟು ಕತ್ತರಿಸಿದ ಭತ್ತದ ಹುಲ್ಲನ್ನು ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಬಸಿದು ಆರಿಸುತ್ತಾರೆ. ಹಿಡಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಇಡೀ ಕಸುಬಿನ ಗುಟ್ಟು ಈ ಹಿಡಿಯಲ್ಲಿದೆ. ನೀರು ಹೆಚ್ಚಾದರೆ ಐದಾರು ದಿನಕ್ಕೆ ಹಸಿರು ಬೂಸ್ಟು. ಒಂದು ಕೆಜಿ ಒಣಹುಲ್ಲಿಗೆ ಸುಮಾರು 100 ಗ್ರಾಂ ಅಣಬೆ ಬೀಜ ಪದರ ಪದರವಾಗಿ ಹಾಕಿ, ಚೀಲಕ್ಕೆ ತೂತು ಹೊಡೆದು, ಕತ್ತಲ ಕೋಣೆಯಲ್ಲಿ 15-20 ದಿನ. ಚೀಲ ಬೆಳ್ಳಗಾದ ಮೇಲೆ ಬೆಳಕು, ಗಾಳಿ, ದಿನಕ್ಕೆರಡು ಸಲ ನೀರಿನ ಸಿಂಪಡಣೆ. ಗಾಳಿಯಾಡದಿದ್ದರೆ ಕಾಂಡ ಉದ್ದ, ಕೊಡೆ ಚಿಕ್ಕದು. ಒಂದು ಕೆಜಿ ಹುಲ್ಲಿಗೆ ಮೂರು ಕೊಯ್ಲಿನಲ್ಲಿ ಅರ್ಧ ಕೆಜಿಯಿಂದ 800 ಗ್ರಾಂ ಬಂದರೆ ಹೊಸಬರಿಗೆ ಒಳ್ಳೆಯ ಫಲ.

ತರಬೇತಿ ಇಲ್ಲಿಯವರೆಗೆ ಸೊಗಸು. ಕೈಕೊಡುವುದು ಅದರ ಮರುದಿನ. ಬೀಜ ಬೇಕೆಂದಾಗ ಸಿಗುವುದಿಲ್ಲ, ತಯಾರಾಗಲು ಮೂರು ವಾರ ಬೇಕಾದ್ದರಿಂದ ಮೊದಲೇ ಬರೆಸಬೇಕು. ಚಿಪ್ಪಣಬೆ ಒಂದು ದಿನ ಕಳೆದರೆ ಸೊರಗುತ್ತದೆ, ಹಳ್ಳಿಯಿಂದ ಪೇಟೆಗೆ ಬೆಳಿಗ್ಗೆ ಏಳರೊಳಗೆ ತಲುಪುವ ದಾರಿ ಇಲ್ಲದವರು ಈ ಕಸುಬಿಗೆ ಇಳಿಯದಿರುವುದೇ ಲೇಸು. ಬೆಲೆ, ಗಿರಾಕಿ, ಸಾಲ, ಲೆಕ್ಕ ಇವನ್ನು ಕೆವಿಕೆ ಮೇಲಿಂದ ಮುಟ್ಟಿ ಬಿಡುತ್ತದೆ.

ಆ ಕೊರತೆಯನ್ನು ತುಂಬುವುದು ಇನ್ನೊಂದು ಬಾಗಿಲು. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಶುರುಮಾಡಿದ ರುಡ್‌ಸೆಟ್ ಎಂಬ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅದರ ಮಾದರಿಯಲ್ಲೇ ಜಿಲ್ಲೆಗೊಂದರಂತೆ ಬಂದ ಆರ್‌ಸೆಟಿ. ಊಟ-ವಸತಿ ಸಹಿತ ಉಚಿತ ತರಬೇತಿ, ನಂತರ ಎರಡು ವರ್ಷ ಬೆನ್ನಹಿಂದೆ ನಿಂತು ವಿಚಾರಿಸುವ ಪದ್ಧತಿ, ಬ್ಯಾಂಕ್ ಸಾಲಕ್ಕೆ ದಾರಿ. ಹೈನುಗಾರಿಕೆ, ಕುರಿ ಸಾಕಣೆಗೆ ಹತ್ತು ದಿನ, ಮೊಬೈಲ್ ರಿಪೇರಿ, ಹೊಲಿಗೆಯಂಥವಕ್ಕೆ ತಿಂಗಳು. ಕಸುಬಿನ ಸೂಕ್ಷ್ಮಕ್ಕೆ ಕೆವಿಕೆ, ವ್ಯಾಪಾರದ ಧೈರ್ಯಕ್ಕೆ ಆರ್‌ಸೆಟಿ, ಈ ಅನುಕ್ರಮದಲ್ಲಿ ಎರಡನ್ನೂ ಮಾಡಿದವರು ನಿಲ್ಲುತ್ತಾರೆ. ಜೇನಿನ ತರಬೇತಿ ಮಾತ್ರ ಕಾಲ ನೋಡಿ ಸೇರಿ. ಮಳೆ ಕಳೆದು ಅಕ್ಟೋಬರ್-ನವೆಂಬರಿನಲ್ಲಿ ಕಲಿತರೆ ಜೇನು ಕುಟುಂಬ ಬೆಳೆಯುವ ಕಾಲಕ್ಕೆ ಪೆಟ್ಟಿಗೆ ಕೈಯಲ್ಲಿರುತ್ತದೆ. ಜೂನಿನಲ್ಲಿ ಕಲಿತವರು ತುಡುವೆ ಜೇನಿಗೆ ಸಕ್ಕರೆ ಪಾಕ ಕುಡಿಸುತ್ತಾ ಮಳೆಗಾಲ ಕಳೆಯಬೇಕು.

ಅಮೆರಿಕದ ಕೌಂಟಿಗಳಲ್ಲಿ 1914ರ ಸ್ಮಿತ್-ಲಿವರ್ ಕಾಯಿದೆಯಡಿ ನಡೆಯುವ ವಿಸ್ತರಣಾ ಸೇವೆಯಲ್ಲಿ ಶಾಲಾಮಕ್ಕಳಿಗೇ 4-ಎಚ್ ಎಂಬ ಕ್ಲಬ್ಬುಗಳಿವೆ. ಮಗು ಕರು ಸಾಕಿ, ಲೆಕ್ಕ ಬರೆದು, ಕೌಂಟಿ ಜಾತ್ರೆಯಲ್ಲಿ ತೋರಿಸುತ್ತದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಪಾಠ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಕಡೆ ನಡೆಸುವ ಅಲ್ಲಿನ ಲ್ಯಾಂಡ್ ಗ್ರಾಂಟ್ ಮಾದರಿಯನ್ನು ಕಂಡು ಕಟ್ಟಿದವು, ಆದರೆ ಮಕ್ಕಳ ಕವಲು ಮಾತ್ರ ಬೆಳೆಯಲಿಲ್ಲ. ಶಾಲೆಯವರೇ ಪತ್ರ ಬರೆದು ಒಂದು ದಿನದ ಭೇಟಿ ಕೇಳಿದರೆ ಫಾರ್ಮ್ ತೋರಿಸುತ್ತಾರೆ. ಅಲ್ಲಿಗೆ ಮುಗಿಯಿತು.

ಮನೆಯವರಿಗಾಗಿ ಇರುವ ಗೃಹ ವಿಜ್ಞಾನ ವಿಭಾಗಕ್ಕೆ ಎರಡೂವರೆಗಿಂತ ಹೆಚ್ಚು ಕೊಡಲಾಗದು. ತಪ್ಪು ಕಲಿಸುವವರದಲ್ಲ, ವೇಳೆಯದು. ಬೆಳಿಗ್ಗೆ ಹತ್ತೂವರೆಯಿಂದ ಸಂಜೆಯವರೆಗಿನ ತರಬೇತಿಗೆ ಹಾಲು ಕರೆದು, ಅಡುಗೆ ಮುಗಿಸಿ, ಎರಡು ಬಸ್ಸು ಬದಲಿಸಿ ಬರಬಲ್ಲ ಹೆಂಗಸರು ಎಷ್ಟು ಜನ? ಪರಿಹಾರ ಇದೆ, ಗೊತ್ತಿರುವವರು ಕಡಿಮೆ. ಹಳ್ಳಿಗೇ ಬಂದು ಮಾಡುವ ಹೊರಾವರಣ ತರಬೇತಿಯೂ ಕೆವಿಕೆಯ ಕೆಲಸವೇ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮೂಲಕ 25-30 ಜನರ ಪಟ್ಟಿ, ಒಂದು ಸಮುದಾಯ ಭವನ, ಮಧ್ಯಾಹ್ನ ಎರಡರಿಂದ ಐದರ ಸಮಯ ಎಂದು ಪತ್ರದಲ್ಲೇ ಬರೆದು ಕೇಳಿ.

ಕಲಿಯಲು ಎರಡು ವಿಷಯ ಸಾಕು. ಒಂದು ಪೌಷ್ಟಿಕ ಕೈತೋಟ. ಒಂದು ಗುಂಟೆ, ಅಂದರೆ 33 ಅಡಿ ಚೌಕ. ನುಗ್ಗೆ, ಪಪ್ಪಾಯಿ, ಕರಿಬೇವು ಉತ್ತರದ ಅಂಚಿಗೆ, ಇಲ್ಲದಿದ್ದರೆ ಚಳಿಗಾಲದಲ್ಲಿ ಮಡಿಗಳ ಮೇಲೆ ನೆರಳು. ಕೈತೋಟ ಸೋಲುವುದು ಬೀಜದ ಕಿಟ್ಟನ್ನು ಒಂದೇ ದಿನ ಪೂರ್ತಿ ಬಿತ್ತುವುದರಿಂದ. ಒಂದು ವಾರ ಮನೆ ತುಂಬ ದಂಟು, ಮುಂದಿನ ತಿಂಗಳು ಏನೂ ಇಲ್ಲ. ಸೊಪ್ಪನ್ನು ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಬೇಕು. ಕಿಟ್ಟಿನಲ್ಲಿರುವುದು ತಳಿಯೋ ಹೈಬ್ರಿಡ್ಡೋ ಕೇಳಿಕೊಳ್ಳಿ, ಹೈಬ್ರಿಡ್ ಆದರೆ ಬೀಜ ಎತ್ತಿಡುವುದು ವ್ಯರ್ಥ. ಇನ್ನೊಂದು ರಾಗಿ ಮಾಲ್ಟ್. 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಸಣ್ಣ ಉರಿಯಲ್ಲಿ ಹುರಿದು ಬೀಸುವುದು. ಮೊಳಕೆ ಉದ್ದವಾದರೆ ಕಹಿ. ಬಿಸಿ ಆರುವ ಮೊದಲೇ ಪ್ಯಾಕೆಟ್ಟಿಗೆ ತುಂಬಿದರೆ ಒಳಗೆ ಬೆವರಿ ಗಂಟು, ಆಮೇಲೆ ಮುಗ್ಗಲು ವಾಸನೆ. ಮಾರುವುದಾದರೆ ಸಣ್ಣ ವಹಿವಾಟಿಗೆ ಆಹಾರ ಸುರಕ್ಷತಾ ನೋಂದಣಿ ಸಾಕು. ನೋಂದಣಿ ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ದಿನ, ವಿಳಾಸ ಇವಿಲ್ಲದ ಪ್ಯಾಕೆಟ್ಟನ್ನು ಪೇಟೆಯ ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ.

ಕೇಂದ್ರದ ವೆಬ್‌ಸೈಟ್ ನೋಡಿ ಹೊರಡಬೇಡಿ. ತರಬೇತಿ ಪಟ್ಟಿ ಹಳೆಯದಿರಬಹುದು, ತಜ್ಞರು ಹಳ್ಳಿಗೆ ಹೋಗಿರಬಹುದು. ಹಿಂದಿನ ದಿನ ಫೋನ್ ಮಾಡಿ ಯಾರು ಇರುತ್ತಾರೆ, ಯಾವ ಬೀಜ ಉಳಿದಿದೆ ಎಂದು ಎರಡೇ ಪ್ರಶ್ನೆ ಕೇಳಿ. ಕೇಂದ್ರ ಮುಚ್ಚಿದ ಹೊತ್ತಿನಲ್ಲಿ ಹೊಲದಲ್ಲಿ ಹುಳು ಕಂಡರೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10, ಕನ್ನಡದಲ್ಲೇ ಮಾತಾಡಬಹುದು. ಅವರಿಗೆ ನಿಮ್ಮ ಗಿಡ ಕಾಣುವುದಿಲ್ಲ, ಆದ್ದರಿಂದ ಹೊಲದಲ್ಲೇ ನಿಂತು ಫೋನ್ ಮಾಡಿ.